ಸೇರಿನ ಮೇಲಿನ ಒಂದು ಹಿಡಿ

ಲಾ...ಭ.

ಅಕ್ಕಿ ಸೇರಿಗೆ ಬೀಳುವ ಸೊರ್ರೆಂಬ ಸದ್ದು, ಅದರ ಮೇಲೆ ಮಾವ ಎಳೆಯುತ್ತಿದ್ದ ಈ ರಾಗ. ನಮ್ಮೂರಿನ ಅಕ್ಕಿ ಅಂಗಡಿಗಳಲ್ಲಿ ಮೊದಲನೆಯ ಸೇರನ್ನು ಒಂದು ಎಂದು ಎಣಿಸುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು. ಮಾವ ಎಳೆಯುವಷ್ಟು ಉದ್ದ ಬಂದರಿನಲ್ಲಿ ಬೇರೆ ಯಾರೂ ಎಳೆಯುತ್ತಿರಲಿಲ್ಲ. ಓಣಿಯ ತುದಿಯ ಒಣಮೀನಿನ ಗೋದಾಮಿನ ಹತ್ತಿರ ನಿಂತರೂ ಕೇಳುತ್ತಿತ್ತು. ಸಣ್ಣವಳಿದ್ದಾಗ ಅಮ್ಮನ ಕೈ ಹಿಡಿದುಕೊಂಡು ಆ ಸದ್ದನ್ನೇ ಹುಡುಕಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ಕಾನ್ವೆಂಟ್ ಸೇರಿದ ಮೇಲೆ, ಜತೆಗಿದ್ದ ಹುಡುಗಿಯರಿಗೆ ಅದು ಕೇಳಿಸದಿರಲಿ ಎಂದು ಆ ಓಣಿಯ ಬಾಯಿ ದಾಟುವವರೆಗೆ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡುತ್ತಿದ್ದೆ.

ಮೊನ್ನೆ ಮೊಮ್ಮಗಳು ಕಾಲೇಜಿನ ಪ್ರಾಜೆಕ್ಟಿಗೆಂದು ನನ್ನ ಎದುರು ನೋಟ್‌ಬುಕ್ ಬಿಡಿಸಿ ಕೂತಳು. ಸ್ಮಾಲ್ ಬಿಸಿನೆಸ್ ಮಾಡಿ ಗೆದ್ದವರಲ್ಲಿ ಎಂತೆಂತ ಗುಣಗಳಿರುತ್ತವೆ, ಎಂತ ಸ್ಕಿಲ್ಸ್ ಇರುತ್ತವೆ, ಅದು ಅವಳ ಟಾಪಿಕ್. ನನ್ನ ಮಾವನಿಗೆ ಬಂದರಿನಲ್ಲಿ ಅಷ್ಟು ಹೆಸರಿತ್ತಂತಲ್ಲ, ಅವರ ಸೀಕ್ರೆಟ್ ಎಂತ ಎಂದು ಕೇಳಿದಳು. ನಾನು ಟೀಚರಾಗಿದ್ದವಳು, ಉತ್ತರ ನಾಲಗೆಯ ಮೇಲೇ ಇರುತ್ತದೆ. ಹಾರ್ಡ್ ವರ್ಕ್ ಎಂದೆ, ಪಂಕ್ಚುಯಾಲಿಟಿ ಎಂದೆ, ಆನೆಸ್ಟಿ ಎಂದೆ. ಅವಳು ಚಂದ ಅಕ್ಷರದಲ್ಲಿ ಬರೆದುಕೊಂಡು ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಆನೆಸ್ಟಿ ಎಂಬ ಶಬ್ದವನ್ನು ಯಾರು ಬೇಕಾದರೂ ಹೇಳಬಹುದಿತ್ತು, ಆ ಅಂಗಡಿಯ ವಿಷಯದಲ್ಲಿ ನಾನು ಹೇಳಬಾರದಿತ್ತು. ಅವಳಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮಲ್ಲಿ ಆಸ್ತಿ, ಮನೆ, ಅಂಗಡಿ ಎಲ್ಲ ಸೋದರಮಾವನಿಂದ ತಂಗಿಯ ಮಕ್ಕಳಿಗೆ ಬರುವುದು. ಮಾವನ ಹೆಂಡತಿ ಬೇಗ ತೀರಿಕೊಂಡಿದ್ದರು. ನನ್ನ ಅಪ್ಪನೂ ಇರಲಿಲ್ಲ. ಹಾಗಾಗಿ ಕೊಟ್ಟಾರದ ನಮ್ಮ ಮನೆಯಲ್ಲಿ ಮೂರೇ ಜನ: ಅಮ್ಮ, ಮಾವ, ನಾನು. ಕೊಟ್ಟಾರ ಆಗ ಗದ್ದೆ, ತೋಡು, ನಾಲ್ಕು ಹಂಚಿನ ಮನೆ. ಮಾವ ಬೆಳಿಗ್ಗೆ ಗಂಜಿ ಉಂಡು ಬಂದರಿಗೆ ನಡೆದೇ ಹೋಗುತ್ತಿದ್ದರು. ನನ್ನನ್ನು ಕಾನ್ವೆಂಟಿಗೆ ಹಾಕಿದವರೂ ಅವರೇ. ಹೆಣ್ಣುಮಗುವಿಗೆ ಇಂಗ್ಲಿಷ್ ಯಾಕೆ ಎಂದು ನೆಂಟರು ಕೇಳಿದ್ದಕ್ಕೆ, ಅಂಗಡಿ ನಾಳೆ ಅವಳದ್ದಲ್ಲವಾ, ಹಡಗಿನ ದೊರೆಗಳು ಬಂದರೆ ಮಾತಾಡಲಿ ಎಂದು ನಕ್ಕಿದ್ದರಂತೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕನ್ನಡವನ್ನು ನಾನು ಕಲಿತದ್ದು ಪುಸ್ತಕದಿಂದ. ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡಿದ ಹಾಗೆ ಬರೆಯುತ್ತಿದ್ದೇನೆ, ಆದರೆ ಒಂದು ಮಾತೂ ಆವತ್ತು ಕನ್ನಡದಲ್ಲಿ ಇರಲಿಲ್ಲ.

ಮಾವನ ಅಂಗಡಿ ಸಣ್ಣದು. ಎದುರು ನಾಲ್ಕು ಹಲಗೆ ಬಾಗಿಲು, ಒಳಗೆ ಗೋಡೆಯುದ್ದಕ್ಕೂ ಅಕ್ಕಿ ಮುಡಿಗಳು. ಈಗಿನವರು ಮುಡಿ ನೋಡಿರಲಿಕ್ಕಿಲ್ಲ. ನಲವತ್ತು ಸೇರಿನಷ್ಟು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದ್ದೇ ಹಗ್ಗದಿಂದ ಬಿಗಿದು, ಗುಂಡಗೆ ಕುಂಬಳಕಾಯಿಯ ಹಾಗೆ ಕಟ್ಟುತ್ತಿದ್ದರು. ಹೊಳೆಯ ಮೇಲಿನ ಊರುಗಳಿಂದ ದೋಣಿಯಲ್ಲಿ ಬರುತ್ತಿತ್ತು. ಚೆನ್ನಾಗಿ ಒಣಗಿದ ಅಕ್ಕಿಯಾದರೆ ಮುಡಿಯೊಳಗೆ ಎರಡು ಮಳೆಗಾಲ ಕೂತರೂ ಎಂತದೂ ಆಗುತ್ತಿರಲಿಲ್ಲ. ಒಣಗದ ಅಕ್ಕಿಯನ್ನು ಕಟ್ಟಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅಕ್ಕಿ ವ್ಯಾಪಾರದ ಅಪಾಯ ಇರುವುದೇ ಅಲ್ಲಿ.

ಮಾವನಿಗೆ ಓದು ಬರಹ ಕಡಿಮೆ. ಆದರೆ ಓಣಿಯಲ್ಲಿ ಬರುವವರ ಹೆಜ್ಜೆ ನೋಡಿಯೇ ಇವರು ಅಕ್ಕಿಗೆ ಬಂದವರು, ಇವರು ಸುಮ್ಮನೆ ಹರಟೆಗೆ ಬಂದವರು ಎಂದು ತಿಳಿಯುತ್ತಿತ್ತು. ಎದುರಿನ ಅಂಗಡಿಯವನ ಬಗ್ಗೆ ಒಂದು ದಿನವೂ ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ಯಾರಾದರೂ ಆಡಿದರೆ ಸೊಂಟದಿಂದ ವೀಳ್ಯದೆಲೆ ತೆಗೆದು ಅದರ ನಾರು ಬಿಡಿಸುತ್ತಾ ಕೂರುತ್ತಿದ್ದರು, ಆಡುವವನಿಗೇ ಸಾಕಾಗುತ್ತಿತ್ತು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯ ಗಂಡಸು ಬೊಂಬಾಯಿಯಿಂದ ಬಂದಿದ್ದಾನೆ, ಯಾರ ಮನೆಯ ಮುದುಕಿಗೆ ಹಲ್ಲಿಲ್ಲ, ಗಂಜಿ ಮೆತ್ತಗೆ ಬೇಕು, ಎಲ್ಲ ತಲೆಯಲ್ಲಿ ಇತ್ತು.

ಮತ್ತೆ ಕೊಸರು. ಸೇರು ಅಳೆದು ಮುಗಿದ ಮೇಲೆ ಮೇಲಿಂದ ಒಂದು ಹಿಡಿ ಹೆಚ್ಚಿಗೆ ಹಾಕುವುದಕ್ಕೆ ಕೊಸರು ಎನ್ನುತ್ತಾರೆ. ಎಲ್ಲ ಅಂಗಡಿಯವರೂ ಹಾಕುತ್ತಿದ್ದರು. ಮಾವನ ಕೊಸರು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಕೆಲವರಿಗೆ ನಾಲ್ಕು ಬೆರಳಿನಷ್ಟು, ಕೆಲವರಿಗೆ ಎರಡು ಕೈ ತುಂಬ. ಹಾಕುವಾಗ ಅವರು ಅಕ್ಕಿಯನ್ನೂ ನೋಡುತ್ತಿರಲಿಲ್ಲ, ಚೀಲ ಹಿಡಿದವರ ಮುಖವನ್ನೂ ನೋಡುತ್ತಿರಲಿಲ್ಲ. ಹೊಳೆಯ ಕಡೆ ತಿರುಗಿ, ಮೋಡ ಉಂಟಲ್ಲ ಇವತ್ತು ಎಂದೋ ಮತ್ತೆಂತದೋ ಹೇಳುತ್ತಿದ್ದಂತೆ ಕೈ ತನ್ನಷ್ಟಕ್ಕೆ ಹಾಕಿಬಿಡುತ್ತಿತ್ತು. ತೆಗೆದುಕೊಂಡವರಿಗೂ ತೆಗೆದುಕೊಂಡೆ ಎಂದು ಅನಿಸಬಾರದು. ಇದನ್ನು ನಾನು ಅವರಿದ್ದಾಗ ಒಂದು ಸ್ಕಿಲ್ ಎಂದು ತಿಳಿದುಕೊಳ್ಳಲಿಲ್ಲ. ಹಳ್ಳಿಯವರ ಅಂದಾಜು ಲೆಕ್ಕ ಎಂದುಕೊಂಡಿದ್ದೆ.

ಎಲ್ಲರಿಗಿಂತ ದೊಡ್ಡ ಕೊಸರು ಹೋಗುತ್ತಿದ್ದದ್ದು ರೊಟ್ಟಿಯ ಉಮ್ಮನಿಗೆ. ಬಂದರಿನವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದದ್ದು. ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಮನೆಯ ವಿಧವೆ, ಆಗ ಐವತ್ತರ ಆಚೆ ಈಚೆ. ಮಸೀದಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಕುಚ್ಚಲಕ್ಕಿ ನೆನೆಸಿ, ಅರೆದು, ತೆಳ್ಳಗೆ ತಟ್ಟಿ ರೊಟ್ಟಿ ಸುಟ್ಟು, ಬಾಳೆಲೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ದೋಣಿಯವರಿಗೆ, ಮೂಟೆ ಹೊರುವವರಿಗೆ ಮಾರುತ್ತಿದ್ದರು. ಅವರೂ ಒಂದು ಬಿಸಿನೆಸ್ ನಡೆಸುತ್ತಿದ್ದರು ಎಂದು ಈಗ ಹೇಳಬಹುದು. ಇವತ್ತು ಎಷ್ಟು ದೋಣಿ ಬರುತ್ತವೆ ಎಂದು ಬೆಳಿಗ್ಗೆ ಗಾಳಿ ನೋಡಿ ಅಷ್ಟೇ ಅಕ್ಕಿ ನೆನೆಸುವವರು. ಒಂದು ರೊಟ್ಟಿ ಮಿಕ್ಕಿ ಮನೆಗೆ ವಾಪಸ್ ಹೋದದ್ದಿಲ್ಲ.

ಅವರ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. ಹೊಸ ದೋಣಿ ಬಂದಾಗ ಮಾವ ಮುಡಿಗೆ ಮೊನಚು ಕೊಳವೆ ಚುಚ್ಚಿ ಒಂದು ಬೊಗಸೆ ಅಕ್ಕಿ ತೆಗೆದು ಉಮ್ಮನ ಚೀಲಕ್ಕೆ ಹಾಕುತ್ತಿದ್ದರು. ಉಮ್ಮ ಅದನ್ನು ಬೇರೆಯಾಗಿ ನೆನೆಸಿ, ಅರೆದು, ಒಂದು ರೊಟ್ಟಿ ತಟ್ಟಿ ನೋಡಿ ಮಾರನೆ ದಿನ ಬೆಳಿಗ್ಗೆ ಹೇಳುವುದು: ಇದು ಹಳೆ ಅಕ್ಕಿ, ಅಂಗಡಿಗೆ ಹಾಕಿ. ಇದು ಬೇಯಿಸಿ ಸರಿಯಾಗಿ ಒಣಗಿಸಿಲ್ಲ, ನೀರು ಹುಳಿ ಬಂತು, ಬಿಡಿ. ಅಷ್ಟಾದ ಮೇಲೆಯೇ ಮಾವ ದೋಣಿಯವನ ಹತ್ತಿರ ಮಾತಿಗೆ ಕೂರುವುದು. ಮಾವನ ಅಂಗಡಿಯ ಅಕ್ಕಿ ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂದು ಊರಿನವರು ಹೇಳುತ್ತಿದ್ದರಲ್ಲ, ಆ ಹೆಸರಿನ ಅರ್ಧಭಾಗ ಉಮ್ಮನ ಅರೆಯುವ ಕಲ್ಲಿನ ಮೇಲೆ ತಯಾರಾದದ್ದು. ಇದಕ್ಕೆ ಕೂಲಿ ಎಂದು ಅವರು ಕೇಳಲೂ ಇಲ್ಲ, ಮಾವ ಕೊಡಲೂ ಇಲ್ಲ. ಎರಡು ಕೈ ತುಂಬ ಕೊಸರು ಹೋಗುತ್ತಿತ್ತು, ಹೊಳೆಯ ಕಡೆ ನೋಡುತ್ತಾ.

ಇದೆಲ್ಲ ನನಗೆ ಅರ್ಧ ಗೊತ್ತಿತ್ತು. ಅಕ್ಕಿ ನೋಡಲು ಕೊಡುತ್ತಾರೆ ಎಂದು ಗೊತ್ತಿತ್ತು. ಕೊಸರು ಅದಕ್ಕೆ ಎಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ನೆಪ ಅಲ್ಲ, ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ನಾನು ಸ್ಕೂಲ್ ಫೈನಲ್ ಬರೆದು ಮನೆಯಲ್ಲಿದ್ದ ಬೇಸಗೆ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡೋ ಮೂರೋ ವರ್ಷ ಇತ್ತು. ಒಂದು ದಿನ ಮೇಲಿನ ಸಾಲಿನಿಂದ ಮುಡಿಯೊಂದು ಜಾರಿ ಮಾವನ ಪಾದದ ಮೇಲೆ ಬಿತ್ತು. ಎಲುಬು ಕಟ್ಟುವವನು ಬಂದು ಬಿದಿರಿನ ಸೀಳು ಇಟ್ಟು ಬಿಗಿದು, ಎರಡು ತಿಂಗಳು ಕಾಲು ನೆಲಕ್ಕೆ ತಾಗಿಸಬಾರದು ಎಂದ. ಮಳೆಗಾಲಕ್ಕೆ ಮುಂಚಿನ ಆ ಎರಡು ತಿಂಗಳೇ ಅಕ್ಕಿ ಅಂಗಡಿಯ ಜೀವ. ಆಟಿ ತಿಂಗಳ ಜಡಿಮಳೆಯಲ್ಲಿ ದೋಣಿ ಬರುವುದಿಲ್ಲ ಎಂದು ಎಲ್ಲರೂ ಮುಡಿ ಒಯ್ದು ಅಟ್ಟಕ್ಕೆ ಏರಿಸುವ ಸಮಯ. ಹೆಣ್ಣುಮಗಳು ಬಂದರಿನಲ್ಲಿ ಕೂರುವುದಾ ಎಂದು ಅಮ್ಮ ಹೆದರಿದರು. ಮಾವ ಮಂಚದ ಮೇಲಿಂದ, ಅವಳದ್ದೇ ಅಂಗಡಿ, ಕೂರಲಿ ಎಂದರು. ಮುಡಿ ಎತ್ತಿ ಇಳಿಸಲು ಓಣಿಯ ಹಮಾಲಿಗಳಿದ್ದರು. ಅಳೆಯುವುದು, ಕೊಡುವುದು ನನ್ನ ಕೆಲಸ.

ನಾನು ಮೊದಲ ದಿನವೇ ಲಾಭ ಎನ್ನುವುದನ್ನು ಬಿಟ್ಟೆ. ಅರಿತ್‌ಮೆಟಿಕ್‌ನಲ್ಲಿ ಫಸ್ಟ್ ಬಂದವಳು, ಒಂದನ್ನು ಒಂದು ಎನ್ನದೆ ಮತ್ತೆಂತ ಹೇಳುವುದು? ಎರಡನೆಯದು, ಕಾನ್ವೆಂಟಿನ ಮರದ ಫೂಟ್ ರೂಲರನ್ನು ತೆಗೆದುಕೊಂಡು ಹೋದೆ. ಸೇರು ತುಂಬಿದ ಮೇಲೆ ಬಾಯಿಯ ಮಟ್ಟಕ್ಕೆ ಅದನ್ನು ಎಳೆದು, ಮೇಲಿನ ಕಾಳು ಕೆಳಗೆ ಬೀಳಿಸಿ, ಗೆರೆ ಎಳೆದ ಹಾಗೆ ಸಮ ಮಾಡಿ ಕೊಡುತ್ತಿದ್ದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಜಸ್ಟ್ ಮೆಷರ್. ನಮ್ಮ ಸಿಸ್ಟರ್ ಇದನ್ನು ನೋಡಿದ್ದರೆ ಭುಜ ತಟ್ಟುತ್ತಿದ್ದರು ಎಂದು ಮನಸ್ಸಿನೊಳಗೆ ಬೀಗುತ್ತಿದ್ದೆ. ಕೆಲವರು ನಕ್ಕರು. ಒಬ್ಬ ದೋಣಿಯವನು, ಎಂತ ಮಾರಾಯ್ತಿ, ಅಕ್ಕಿಗೆ ಕ್ಷೌರ ಮಾಡ್ತಿದ್ದೀಯಾ ಎಂದ. ಮುಖ ಗಂಟು ಹಾಕಿಕೊಂಡೆನೇ ಹೊರತು ರೂಲರ್ ಬಿಡಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಉಮ್ಮ ಬಂದರು. ಅವರು ಸೀದಾ ಬಂದು ಚೀಲ ಒಡ್ಡಿದರು. ಎರಡು ಸೇರು ಅಳೆದು ಸಮ ಮಾಡಿ ಹಾಕಿದೆ. ಅವರು ಚೀಲದ ಬಾಯಿ ಮುಚ್ಚಲಿಲ್ಲ. ಮಾವನ ಕಾಲು ಹೇಗುಂಟು ಎಂದು ಕೇಳಿದರು. ಹೇಳಿದೆ. ನೋವಿಗೆ ಎಂತ ಹಚ್ಚುತ್ತೀರಿ ಎಂದು ಕೇಳಿದರು. ಅದನ್ನೂ ಹೇಳಿದೆ. ಚೀಲ ಹಾಗೆಯೇ ಬಾಯಿ ತೆರೆದುಕೊಂಡು ಇತ್ತು. ಅವರು ಕೇಳುತ್ತಿರಲಿಲ್ಲ, ಇಪ್ಪತ್ತು ವರ್ಷದ ರೂಢಿ, ಕೈ ಕಾಯುತ್ತಿತ್ತು ಅಷ್ಟೇ. ಹಿಂದೆ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಒಬ್ಬ, ರೂಲರಿನ ಮಾತಾಡಿದ ಅದೇ ದೋಣಿಯವನು, ಉಮ್ಮನಿಗೆ ಇವತ್ತು ಇಲ್ಲ ಎಂದು ಮೆಲ್ಲಗೆ ನಕ್ಕ. ನನಗೆ ನನ್ನನ್ನೇ ನೋಡಿ ನಕ್ಕ ಹಾಗಾಯಿತು.

ನಾನು ಹೇಳಿದೆ: “ಇದು ಅಂಗಡಿ. ಧರ್ಮಕ್ಕೆ ಬೇಕಾದರೆ ಶುಕ್ರವಾರ ಮಸೀದಿಯ ಎದುರು ಹೋಗಿ ಕೂತುಕೋ.”

ಕೂತುಕೊಳ್ಳಿ ಎನ್ನಲಿಲ್ಲ, ಕೂತುಕೋ ಎಂದೆ. ಮಾವ ಅವರಿಗೆ ಯಾವತ್ತೂ ಬಹುವಚನವೇ ಹೇಳುತ್ತಿದ್ದದ್ದು. ಈಗ ಎಪ್ಪತ್ತು ವರ್ಷದ ಹತ್ತಿರ ಆಗುತ್ತಾ ಬಂತು, ಆ ಒಂದು ಪ್ರತ್ಯಯ ನನ್ನ ಕಿವಿಯಿಂದ ಹೋಗಿಲ್ಲ.

ನಕ್ಕವನ ನಗು ನಿಂತಿತು. ಉಮ್ಮ ಚೀಲದ ಬಾಯಿ ಸುತ್ತಿ, ಗಂಟು ಹಾಕಿ, ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡರು. ಮಗಳೇ ಎಂಬುದಕ್ಕೆ ಅವರ ಮಾತಿನಲ್ಲಿ ಮೋಳೆ ಎನ್ನುತ್ತಾರೆ. ನನ್ನ ಕೈಯ ರೂಲರ್ ನೋಡಿ, “ಕೋಲು ಚಂದ ಉಂಟು ಮೋಳೆ,” ಎಂದರು. ಹೋದರು. ಮತ್ತೆ ಬರಲಿಲ್ಲ. ಎದುರಿನ ಅಂಗಡಿಯಲ್ಲಿ ಅಕ್ಕಿ ಕೊಂಡು, ನಮ್ಮ ಹಲಗೆ ಬಾಗಿಲಿನ ಎದುರಿನಿಂದಲೇ ಬುಟ್ಟಿ ಹೊತ್ತು ನಡೆದು ಹೋಗುತ್ತಿದ್ದರು. ಕತ್ತು ತಿರುಗಿಸುತ್ತಿರಲಿಲ್ಲ. ನಾನೂ ಕೆಳಗೆ ಬಗ್ಗಿ ಯಾವುದೋ ಮುಡಿಯ ಹಗ್ಗ ಬಿಗಿ ಮಾಡುತ್ತಿದ್ದೆ.

ಸಂಜೆ ಮನೆಗೆ ಹೋದರೆ ಮಾವ ಮಂಚದ ಮೇಲೆ ಒರಗಿಕೊಂಡು ಎಲ್ಲ ವಿಚಾರಿಸುವವರು. ಯಾರು ಬಂದರು, ಯಾರು ಬರಲಿಲ್ಲ. ಉಮ್ಮ ಬಂದರಾ? ಬಂದರು ಎಂದೆ. ಆ ದಿನ ಅದು ನಿಜವೇ. ಮಾರನೆ ದಿನವೂ ಬಂದರು ಎಂದೆ. ಅದರ ಮಾರನೆ ದಿನದ ಹೊತ್ತಿಗೆ ನಾಲಗೆಗೆ ಅಭ್ಯಾಸವಾಗಿತ್ತು. ಬರಲಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ನಾನು ಹೇಳಿದ್ದನ್ನು ಹೇಳಬೇಕು. ಅಷ್ಟನ್ನು ತಪ್ಪಿಸಿಕೊಳ್ಳಲು ಆಡಿದ ಸಣ್ಣ ಸುಳ್ಳು ಅದು. ಅದರ ಹಿಂದೆ ದೊಡ್ಡದು ಬರುತ್ತದೆ ಎಂದು ನಾನು ಯೋಚಿಸಲಿಲ್ಲ.

ಮೇ ತಿಂಗಳ ಕೊನೆಗೆ ಹೊಳೆಯ ಮೇಲಿನಿಂದ ಒಬ್ಬ ದಲಾಲಿ ದೋಣಿ ತಂದ. ಮೂವತ್ತು ಮುಡಿ. ಬಿಳಿ ಪಂಚೆ, ಬೆಳ್ಳಿಯ ಸುಣ್ಣದ ಡಬ್ಬಿ, ಜೇನಿನಂಥ ಮಾತು. ಇಂಗ್ಲಿಷ್ ಕಲಿತ ಹೆಣ್ಣು ಬಂದರಿನಲ್ಲಿ ಅಂಗಡಿ ನಡೆಸುವುದು ಸೀಮೆಯಲ್ಲೇ ಇಲ್ಲ ಎಂದ. ನಾನೇ ಕೊಳವೆ ಚುಚ್ಚಿ ಅಕ್ಕಿ ತೆಗೆದೆ. ಕೆಂಪಗೆ, ದಪ್ಪ ಕಾಳು, ನೋಡಲು ಎಷ್ಟು ಚಂದ. ಮೂಗಿಗೆ ಹಿಡಿದೆ, ಹುಲ್ಲಿನ ವಾಸನೆ ಮಾತ್ರ. ಮಾವನಿಗೆ ತೋರಿಸಲು ಒಂದು ಹಿಡಿ ಕಟ್ಟಿಕೊಂಡು ಹೋದೆ.

ಮಾವ ಅಂಗೈಯಲ್ಲಿ ಹರಡಿ ನೋಡಿದರು, ಎರಡು ಕಾಳು ಕಚ್ಚಿದರು.

“ನೋಡ್ಲಿಕ್ಕೆ ಒಳ್ಳೇದುಂಟು. ಉಮ್ಮ ಎಂತ ಹೇಳಿದ್ರು?”

ಅಮ್ಮ ಅಲ್ಲೇ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ನನಗೆ ಆ ಕ್ಷಣ ಪೂರ್ತಿ ನೆನಪಿದೆ. ಇನ್ನೂ ಕೇಳಿಲ್ಲ ಎಂದಿದ್ದರೂ ಆಗುತ್ತಿತ್ತು. ಮಾರನೆ ದಿನ ಉಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಅಕ್ಕಿ ಕೊಟ್ಟಿದ್ದರೆ ಎಲ್ಲವೂ ಸರಿಯಾಗುತ್ತಿತ್ತು.

“ಒಳ್ಳೇದು, ಹಾಕಿ ಅಂದ್ರು,” ಎಂದೆ.

“ಹಾಗಾದ್ರೆ ಹಾಕು ಮಗಾ,” ಎಂದು ಮಾವ ಕಣ್ಣು ಮುಚ್ಚಿದರು.

ಮೂವತ್ತು ಮುಡಿಯೂ ಹತ್ತು ದಿನದಲ್ಲಿ ಹೋಯಿತು. ಮಾವನ ಅಂಗಡಿಯ ಅಕ್ಕಿ ಎಂದು ಜನ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡು ಹೋದರು. ಮೊದಲ ಮಳೆ ಬಿದ್ದ ವಾರ ಮಾವ ಕೋಲೂರಿಕೊಂಡು ಅಂಗಡಿಗೆ ಬಂದರು. ಖಾಲಿ ಗೋಡೆ ನೋಡಿ ನನ್ನ ತಲೆ ಸವರಿ, ನನಗಿಂತ ಒಳ್ಳೆ ವ್ಯಾಪಾರಿ ನೀನು ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಎಂದುಕೊಂಡರು. ಉಮ್ಮ ಎದುರಿನ ಅಂಗಡಿಗೆ ಹೋಗುವುದು ಅವರ ಕಣ್ಣಿಗೂ ಬಿತ್ತು. ಏನೂ ಕೇಳಲಿಲ್ಲ. ಬಿಟ್ಟು ಹೋದ ಗಿರಾಕಿಯನ್ನು ಯಾಕೆ ಹೋದಿರಿ ಎಂದು ಕೇಳುವ ಜಾತಿಯ ವ್ಯಾಪಾರಿ ಅವರಲ್ಲ. ಕೇಳಿದರೆ ಬಿಟ್ಟದ್ದು ತಪ್ಪು ಎಂದು ಹೇಳಿದ ಹಾಗಾಗುತ್ತದಂತೆ.

ಆಟಿ ಬಂತು. ಸೂರ್ಯ ಕಾಣದ ಹನ್ನೆರಡು ದಿನ. ಒಂದು ಬೆಳಿಗ್ಗೆ ಒಬ್ಬ ಹೆಂಗಸು ಓಲೆಗರಿಯ ಗೊರಬೆ ಹೊದ್ದು, ಮಳೆಯಲ್ಲಿ ನೆನೆಯುತ್ತಾ ಬಂದು ಸೆರಗಿನ ಗಂಟು ಬಿಚ್ಚಿ ನಮ್ಮ ಎದುರಿನ ಹಲಗೆಯ ಮೇಲೆ ಸುರಿದಳು. ಹಸಿರು ಬೂಷ್ಟು ಹಿಡಿದ ಅಕ್ಕಿ. ಮುಗ್ಗಿದ ವಾಸನೆ ಇಡೀ ಅಂಗಡಿಗೆ ಹರಡಿತು. ಅವಳು ಬಯ್ಯಲಿಲ್ಲ. ಮಕ್ಕಳಿಗೆ ನಿನ್ನೆಯಿಂದ ಗಂಜಿ ಆಗಿಲ್ಲ, ಧಣಿ, ಎಂದಳು. ಮಧ್ಯಾಹ್ನದೊಳಗೆ ಇನ್ನೂ ಮೂರು ಮನೆಯವರು ಬಂದರು. ಆ ವಾರದಲ್ಲಿ ಮೂವತ್ತು ಮುಡಿಯ ಸುದ್ದಿಯೂ ಬಂತು. ಮಳೆಗಾಲದ ನಡುವೆ, ದೋಣಿ ಬಾರದ ದಿನಗಳಲ್ಲಿ, ಅಷ್ಟು ಮನೆಗಳ ಅಟ್ಟದಲ್ಲಿ ನಮ್ಮ ಹೆಸರು ಕೊಳೆಯುತ್ತಾ ಇತ್ತು.

ಮಾವ ನಮ್ಮ ಮನೆಯ ಊಟಕ್ಕೆ ಇಟ್ಟ ಮುಡಿಗಳನ್ನೂ ಇಳಿಸಿದರು. ಸಾಲದ್ದಕ್ಕೆ ಎದುರಿನ ಅಂಗಡಿಯವನ ಹತ್ತಿರವೇ ಹೋಗಿ ಅಕ್ಕಿ ಕೊಂಡು ತಂದು, ಸರಿಯಾಗದ ಕಾಲಿನಲ್ಲಿ ಮನೆ ಮನೆಗೆ ನಡೆದು, ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕಿ ಬಂದರು. ಯಾರಿಗೂ ಒಂದು ಕಾರಣ ಹೇಳಲಿಲ್ಲ. ದಲಾಲಿ ಮೋಸ ಮಾಡಿದ ಎನ್ನಲಿಲ್ಲ, ನಾನು ಮಲಗಿದ್ದೆ ಎನ್ನಲಿಲ್ಲ. ಕೆಟ್ಟಿತು, ಬದಲಿಸಿ ಕೊಡ್ತೇನೆ, ಅಷ್ಟೇ. ನಾನು ಕೊಡೆ ಹಿಡಿದು ಅವರ ಹಿಂದೆ ಹೋಗುತ್ತಿದ್ದೆ. ಅವರು ಪಾದ ಎಳೆಯುವ ಸದ್ದು ಕೆಸರಿನಲ್ಲಿ ಕೇಳುತ್ತಿತ್ತು. ದಾರಿಯಲ್ಲಿ ಒಂದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ನನಗಲ್ಲ, ತನಗೇ: ಉಮ್ಮನ ಕೈ ತಪ್ಪಲಿಕ್ಕಿಲ್ಲ. ಹೇಗೆ ತಪ್ಪಿತು?

ನಾನು ಆಗ ಬಾಯಿ ತೆರೆಯಬೇಕಿತ್ತು. ಪ್ರತಿ ಮನೆಯ ಮೆಟ್ಟಿಲಿನಲ್ಲೂ ಇನ್ನು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಇಳಿಯುವಾಗ ಮುಂದಿನ ಮನೆಯಾದ ಮೇಲೆ ಎಂದುಕೊಳ್ಳುವುದು. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್‌ಫೆಶನ್‌ಗೆ ಸಾಲು ನಿಲ್ಲುವುದನ್ನು ನೋಡಿ ನಾವು ಹಿಂದೂ ಹುಡುಗಿಯರು ತಮಾಷೆ ಮಾಡುತ್ತಿದ್ದೆವು. ಆ ವಾರ ನನಗೆ ಅವರ ಮೇಲೆ ಅಸೂಯೆಯಾಯಿತು. ಮರದ ಜಾಲರಿಯ ಹಿಂದೆ ಮುಖ ಕಾಣದ ಯಾರಾದರೂ ಇದ್ದಿದ್ದರೆ ಹೇಳುತ್ತಿದ್ದೆನೋ ಏನೋ. ಮಾವನ ಮುಖ ಕಾಣುತ್ತಿತ್ತು, ಅದೇ ಕಷ್ಟ.

ಕೊನೆಯ ಮನೆ ಮುಗಿದ ದಿನ ಮಾವ ಮಸೀದಿಯ ಹಿಂದಿನ ಓಣಿಗೆ ತಿರುಗಿದರು. ನನ್ನ ಕಾಲು ಅಲ್ಲೇ ನಿಂತಿತು. ಬಾ ಮಗಾ, ಮಳೆ ಬರ್ತದೆ ಎಂದರು. ಹೋದೆ.

ಉಮ್ಮ ಬಾಗಿಲಿನ ಒಳಗೆ ಕಲ್ಲಿನ ಮುಂದೆ ಕೂತಿದ್ದರು, ಕೈ ಮೊಣಕೈವರೆಗೆ ಹಿಟ್ಟು. ಮಾವನನ್ನು ನೋಡಿ ಎದ್ದು ಚಾಪೆ ಬಿಡಿಸಿದರು. ಕಾಲು ನೀಡಿ ಕೂತುಕೊಳ್ಳಿ ಎಂದರು. ಮಾವ ಕೂರಲಿಲ್ಲ, ಹೊಸ್ತಿಲಿನ ಹೊರಗೆ ಕೋಲಿನ ಮೇಲೆ ಭಾರ ಹಾಕಿ ನಿಂತುಕೊಂಡರು. ನಾನು ಅವರ ಹಿಂದೆ, ಕೊಡೆಯ ಕೆಳಗೆ.

“ಉಮ್ಮ, ನಾನು ಜಗಳಕ್ಕೆ ಬಂದವನಲ್ಲ,” ಎಂದರು ಮಾವ. “ಮೇ ತಿಂಗಳಲ್ಲಿ ಮೂವತ್ತು ಮುಡಿ ಬಂತಲ್ಲ, ನೀವು ಒಳ್ಳೇದು ಅಂದ್ರಂತೆ. ಅದು ಪೂರ್ತಿ ಕೆಟ್ಟು ಹೋಯ್ತು. ನಿಮ್ಮ ಕೈಗೆ ಗೊತ್ತಾಗದೆ ಇರ್ಲಿಕ್ಕಿಲ್ಲ. ನನಗೆ ಮನಸ್ಸು ಕೇಳುದಿಲ್ಲ, ಅದಕ್ಕೆ ಬಂದೆ.”

ಉಮ್ಮ ಆ ಅಕ್ಕಿಯನ್ನು ಕಣ್ಣಿನಿಂದಲೂ ನೋಡಿರಲಿಲ್ಲ. ಅವರು ಮಾವನ ಹೆಗಲಿನ ಮೇಲಿಂದ ನನ್ನ ಕಡೆ ನೋಡಿದರು. ಒಂದೇ ಸಲ. ಸಿಟ್ಟಿನ ನೋಟ ಅಲ್ಲ. ಹೊಸ ಮುಡಿಯಿಂದ ತೆಗೆದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡುವ ಹಾಗೆ ನೋಡಿದರು. ಆಮೇಲೆ ಮಾವನ ಕಾಲಿನ ಕಟ್ಟು ನೋಡಿದರು.

“ಹೌದು ಧಣಿ,” ಎಂದರು. “ನನ್ನದೇ ತಪ್ಪು. ಕೈ ಮೊದಲಿನ ಹಾಗೆ ಇಲ್ಲ. ಅದಕ್ಕೇ ನಿಮ್ಮ ಅಂಗಡಿಗೆ ಬರ್ಲಿಕ್ಕೆ ಮುಖ ಇಲ್ಲದೆ ಆಚೆ ಹೋಗ್ತಾ ಇದ್ದೇನೆ.”

ಮಾವ ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. ವಯಸ್ಸು ಯಾರನ್ನು ಬಿಟ್ಟಿದೆ ಉಮ್ಮ, ನೀವು ಬನ್ನಿ, ಅಂಗಡಿ ನಿಮ್ಮದೇ ಎಂದರು. ಬರ್ತೇನೆ ಎಂದರು ಉಮ್ಮ. ಬರಲಿಲ್ಲ. ನಾನು ಕೊಡೆ ಹಿಡಿದುಕೊಂಡು ನಿಂತೇ ಇದ್ದೆ. ಹೊರಟು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಳಗಿಂದ ಕಲ್ಲು ತಿರುಗುವ ಸದ್ದು ಮತ್ತೆ ಶುರುವಾಯಿತು.

ಅವರು ಯಾಕೆ ಹಾಗೆ ಮಾಡಿದರು ಎಂದು ಆಮೇಲೆ ಎಷ್ಟು ಸಲ ಯೋಚಿಸಿದ್ದೇನೆ. ನನ್ನ ಮೇಲೆ ಕನಿಕರ ಎಂದು ಮೊದಲು ಅಂದುಕೊಂಡೆ. ಅಲ್ಲ. ಅಂಗಡಿ ಕೆಟ್ಟು, ಕಾಲು ಮುರಿದು ನಿಂತಿರುವ ಮನುಷ್ಯನಿಗೆ ನಿನ್ನ ಮನೆಯ ಹೆಣ್ಣು ಸುಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು? ಅವರು ಉಳಿಸಿದ್ದು ಮಾವನನ್ನು. ಅದಕ್ಕೆ ಕೊಟ್ಟದ್ದು ತಮ್ಮ ಹೆಸರನ್ನು. ಮಾವ ಈ ಮಾತನ್ನು ಯಾರಿಗೂ ಹೇಳಲಿಲ್ಲ, ಆದರೆ ಬಂದರಿನ ಓಣಿಗಳಲ್ಲಿ ಮಾತು ಬಾಗಿಲಿನಿಂದ ಬಾಗಿಲಿಗೆ ತಾನೇ ಹೋಗುತ್ತದೆ. ಬೇರೆ ಇಬ್ಬರು ಅಂಗಡಿಯವರೂ ಉಮ್ಮನಿಗೆ ಅಕ್ಕಿ ತೋರಿಸುತ್ತಿದ್ದರು. ಅವರೂ ನಿಲ್ಲಿಸಿದರು. ಉಮ್ಮನ ಕೈ ಹೋಯಿತಂತೆ ಎಂದು ದೋಣಿಯವರು ಮಾತಾಡಿಕೊಳ್ಳುವುದನ್ನು ನಾನು ಈ ಕಿವಿಯಿಂದ ಕೇಳಿದೆ. ಅಂಥ ಕೈ ಇಡೀ ಬಂದರಿನಲ್ಲಿ ಇನ್ನೊಂದಿರಲಿಲ್ಲ, ಮತ್ತು ಅದಕ್ಕೆ ಎಂತದೂ ಆಗಿರಲಿಲ್ಲ.

ನಮ್ಮ ಅಂಗಡಿ ಮುಚ್ಚಲಿಲ್ಲ. ಅರ್ಧ ಜನ ಮರಳಿ ಬಂದರು, ಅರ್ಧ ಜನ ಬರಲಿಲ್ಲ. ಮಾವ ಹೊಸ ದೋಣಿಯ ಅಕ್ಕಿಯನ್ನು ತಾವೇ ಮನೆಗೆ ತಂದು ಅಮ್ಮನ ಹತ್ತಿರ ಅರೆಸಿ ನೋಡುತ್ತಿದ್ದರು. ಅದು ಅವರಿಗೆ ಒಗ್ಗಲಿಲ್ಲ. ನಾನು ಅಂಗಡಿಗೆ ಮತ್ತೆ ಕೂರಲಿಲ್ಲ. ಟೀಚರ್ಸ್ ಟ್ರೇನಿಂಗಿಗೆ ಹೋಗುತ್ತೇನೆ ಎಂದೆ. ಮಾವ ಬೇಸರ ತೋರಿಸದೆ ಕಳುಹಿಸಿದರು. ಯುದ್ಧದ ನಡುವಿನ ವರ್ಷ, ಅಕ್ಕಿ ಎಲ್ಲ ಸರಕಾರದ ಕೈಗೆ ಹೋಗಿ ಅಂಗಡಿ ಖಾಲಿಯಾಗಿ ಕೂತಿದ್ದಾಗ, ಅವರು ತೀರಿಕೊಂಡರು. ಕೊನೆಯ ವಾರದಲ್ಲೂ ಒಮ್ಮೆ ಉಮ್ಮನ ಮಾತು ಬಂತು. ಪಾಪ, ಎಂಥ ಕೈ, ಹೇಗೆ ಹೋಯಿತು ನೋಡು ಎಂದರು. ನಾನು ಅವರಿಗೆ ಚಮಚದಲ್ಲಿ ಗಂಜಿ ತಿಳಿ ಕುಡಿಸುತ್ತಿದ್ದೆ. ಇನ್ನೊಂದು ಚಮಚ ಹಾಕಿದೆ.

ಉಮ್ಮನನ್ನು ಕೊನೆಯ ಸಲ ನೋಡಿದ್ದು ಯುದ್ಧ ಮುಗಿದ ಮೇಲೆ. ನಾನು ಆಗ ಟೀಚರ್, ಮದುವೆಯಾಗಿತ್ತು. ಒಂದು ಭಾನುವಾರ ನನ್ನ ಶಾಲೆಯ ಒಬ್ಬ ಹುಡುಗಿಯ ಮನೆಗೆ ಹೋಗಲಿಕ್ಕೆಂದು ಬಂದರಿನಿಂದ ಬೆಂಗ್ರೆಯ ಕಡೆ ಹೊಳೆ ದಾಟುವ ದೋಣಿ ಹತ್ತಿದೆ. ಹಲಗೆಯ ಮೇಲೆ ಕೂತ ಮೇಲೆ ಪಕ್ಕದಲ್ಲಿ ಯಾರೆಂದು ನೋಡಿದೆ. ಉಮ್ಮ, ಸಣ್ಣಗಾಗಿ ಹೋಗಿದ್ದರು. ನಾನೇ ಗುರುತು ಹೇಳಬೇಕಾಗಬಹುದು ಎಂದುಕೊಂಡೆ, ಅವರೇ ಹೇಳಿದರು, ಧಣಿಯ ಸೋದರಸೊಸೆಯಲ್ಲವಾ ಎಂದು. ರೊಟ್ಟಿ ಬಿಟ್ಟು ನಾಲ್ಕು ವರ್ಷವಾಯಿತಂತೆ. ಮಗಳು ಬೆಂಗ್ರೆಯಲ್ಲಿ, ಈಗ ಅವಳ ಮನೆಯಲ್ಲೇ ಇರುವುದಂತೆ. ನನಗೆ ಮಕ್ಕಳೆಷ್ಟು ಎಂದು ಕೇಳಿದರು. ಒಂದು ಗಂಡು ಎಂದೆ. ಮಾವನ ಹಾಗೆ ಉಂಟಾ ನೋಡ್ಲಿಕ್ಕೆ ಎಂದರು. ಸ್ವಲ್ಪ ಉಂಟು ಎಂದೆ. ಅಮ್ಮ ಹೇಗಿದ್ದಾರೆ, ಗಂಡನ ಮನೆ ಎಲ್ಲಿ, ಮಕ್ಕಳಿಗೆ ಎಂತ ಕಲಿಸ್ತೀರಿ, ಹೀಗೇ. ಅವರು ಈಗ ನನಗೆ ಬಹುವಚನ ಹೇಳುತ್ತಿದ್ದರು, ಟೀಚರಲ್ಲವಾ. ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟವಾಯಿತು.

ದೋಣಿ ನಡುಹೊಳೆಗೆ ಬಂದಿತ್ತು. ನಾಲ್ಕು ಶಬ್ದ ಸಾಕಿತ್ತು. ತುಳುವಿನಲ್ಲಿ ಹೇಳಲು ಬಾಯಿ ಬಾರದಿದ್ದರೆ ಇಂಗ್ಲಿಷಿನಲ್ಲಾದರೂ ಸಾರಿ ಎನ್ನಬಹುದಿತ್ತು, ಅವರು ಅರ್ಥ ಮಾಡಿಕೊಳ್ಳುತ್ತಿದ್ದರು. ಎರಡು ಸಲ ಉಮ್ಮ ಎಂದು ಶುರು ಮಾಡಿ ಬಿಟ್ಟೆ. ಅವರು ನನ್ನ ಕಡೆ ತಿರುಗಿ ಕಾದರು. ಹಿಂದೆ ಬೇರೆ ಜನರೂ ಕೂತಿದ್ದರು, ಮೊಸರಿನ ಗಡಿಗೆಯವರು, ಬಲೆಯವರು. ಉಮ್ಮ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಕೇಳಿದರು.

“ಎಂತಾದ್ರೂ ಹೇಳ್ಲಿಕ್ಕುಂಟಾ ಮೋಳೆ?”

“ಇಲ್ಲ,” ಎಂದೆ.

ಅವರು ತಲೆಯಾಡಿಸಿ ಮುಂದೆ ದಡದ ಕಡೆ ನೋಡಿದರು. ದೋಣಿ ಮರಳಿಗೆ ತಾಗಿತು. ದೋಣಿಯವನು ಅವರ ತೋಳು ಹಿಡಿದು ಇಳಿಸಿದ. ಜಾಗ್ರತೆ, ಅಲ್ಲಿ ನೀರುಂಟು ಎಂದೆ ನಾನು ಹಿಂದಿನಿಂದ. ಅವರು ಬಟ್ಟೆಯನ್ನು ಒಂದು ಗೇಣು ಎತ್ತಿ ಹಿಡಿದು, ನೀರು ದಾಟಿ, ಒದ್ದೆ ಮರಳಿನಲ್ಲಿ ಮೆಲ್ಲಗೆ ಮೇಲೆ ಹತ್ತಿ ಹೋದರು. ತೆಂಗಿನ ಮರಗಳ ಹತ್ತಿರ ಯಾರೋ ಅವರಿಗಾಗಿ ಕಾಯುತ್ತಿದ್ದರು.